ಮೊದಲು ಅಂಚೆಪೆಟ್ಟಿಗೆಗೆ ಹೆಸರು ಅಂಟಿಸಿ: ಜರ್ಮನಿಗೆ ಹೋದವರ ಪ್ರಶ್ನೆಗಳು

ಜರ್ಮನಿಯ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಶುರುವಾಗುವುದು ಅಕ್ಟೋಬರ್ 1ಕ್ಕೆ. ಅಲ್ಲಿಗೆ ಹೋಗಿ ಇಳಿದ ವಿದ್ಯಾರ್ಥಿಗಳೂ ಅವರನ್ನು ಕಳಿಸಿ ಊರಲ್ಲಿ ಕೂತಿರುವ ಅಪ್ಪ-ಅಮ್ಮಂದಿರೂ ಕೇಳಿದ್ದರಲ್ಲಿ ಆರು ಪ್ರಶ್ನೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಆಖೆನ್‌ಗೆ ಬಂದು ಹನ್ನೆರಡು ದಿನವಾಯಿತು. ಬ್ಲಾಕ್ಡ್ ಅಕೌಂಟಿನ (ವೀಸಾಕ್ಕಾಗಿ ಮೊದಲೇ ದುಡ್ಡು ಕಟ್ಟಿಟ್ಟ, ತಿಂಗಳಿಗಿಷ್ಟು ಎಂದು ಬಿಡುಗಡೆಯಾಗುವ ಖಾತೆ) ದುಡ್ಡು ಇನ್ನೂ ಕೈಗೆ ಬಂದಿಲ್ಲ. ಬ್ಯಾಂಕಿನವರು ವಿಳಾಸದ ಕಾಗದ ಕೇಳುತ್ತಾರೆ, ಮನೆ ಕೊಡುವವರು ಬ್ಯಾಂಕ್ ಖಾತೆ ಕೇಳುತ್ತಾರೆ. ಎಲ್ಲಿಂದ ಶುರು ಮಾಡಲಿ? (ತುಮಕೂರಿನ ವಿದ್ಯಾರ್ಥಿ)

ವಿಳಾಸದಿಂದಲೇ ಶುರು ಮಾಡಿ. ಮನೆಗೆ ಹೋದ ಎರಡು ವಾರದೊಳಗೆ ಊರಿನ ನಾಗರಿಕ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು ಎಂಬುದು ಕಾನೂನು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ, ಬ್ಯಾಂಕಿನವರು ಕೇಳುವ ವಿಳಾಸದ ಕಾಗದ ಸಿಗುವುದು ಇದರಿಂದಲೇ. ಪಾಸ್‌ಪೋರ್ಟ್, ತುಂಬಿದ ಅರ್ಜಿ, ಮನೆ ಬಾಡಿಗೆಗೆ ಕೊಟ್ಟವರು ಸಹಿ ಹಾಕಿದ ‘ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್’, ಅಂದರೆ ನೀವು ಇಲ್ಲಿ ಬಂದು ಇದ್ದೀರಿ ಎಂಬ ದೃಢೀಕರಣ ಬೇಕು. ಬಹಳ ಜನ ಎಡವುವುದು ಇಲ್ಲೇ: ಬಾಡಿಗೆ ಕರಾರುಪತ್ರ ಹಿಡಿದುಕೊಂಡು ಹೋಗಿ ವಾಪಸ್ ಬರುತ್ತಾರೆ. ಕರಾರುಪತ್ರ ಸಾಲದು. ಆ ದೃಢೀಕರಣ ಕೊಡುವುದು ಮನೆ ಕೊಟ್ಟವರ ಕರ್ತವ್ಯ, ಉಪಕಾರವಲ್ಲ. ಧೈರ್ಯವಾಗಿ ಕೇಳಿ. ಕೊಡಲ್ಲ ಅನ್ನುವ ಮನೆಗೆ ಮುಂಗಡ ಕಟ್ಟಬೇಡಿ.

ಕಚೇರಿಯ ಸಮಯ ಆನ್‌ಲೈನಿನಲ್ಲಿ ಕಾದಿರಿಸಬೇಕು. ಅದು ಮೂರು ವಾರ ಆಚೆಗೇ ಸಿಕ್ಕರೂ ಹಿಡಿದಿಟ್ಟುಕೊಳ್ಳಿ, ಕಾದಿರಿಸಿದ ಪುಟದ ಪ್ರತಿ ಇಟ್ಟುಕೊಳ್ಳಿ. ರದ್ದಾದ ಸಮಯಗಳು ಮತ್ತೆ ತೆರೆದುಕೊಳ್ಳುತ್ತಿರುತ್ತವೆ, ಹಾಗಾಗಿ ಬೆಳಿಗ್ಗೆ ಮತ್ತೆ ಮತ್ತೆ ನೋಡಿ. ಅರ್ಜಿಯಲ್ಲಿ ಧರ್ಮದ ಕಾಲಂ ಇರುತ್ತದೆ. ಮಂಗಳೂರು ಕಡೆಯ ಕೆಥೊಲಿಕ್ ವಿದ್ಯಾರ್ಥಿಗಳಿಗೆ ಇದು ಗೊತ್ತಿರಲಿ: ಅಲ್ಲಿ ಕೆಥೊಲಿಕ್ ಎಂದು ಬರೆದರೆ ಮುಂದೆ ಆದಾಯ ತೆರಿಗೆ ಕಟ್ಟುವ ಸಂಬಳ ಬಂದಾಗ ಆ ತೆರಿಗೆಯ 8 ಅಥವಾ 9 ಪ್ರತಿಶತದಷ್ಟು ಚರ್ಚ್ ತೆರಿಗೆಯೂ ಸೇರುತ್ತದೆ.

ಈ ನೋಂದಣಿ ಆದ ಮೇಲೆ ಉಳಿದವೆಲ್ಲ ಅಂಚೆಯಲ್ಲಿ ಬರುತ್ತವೆ. ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ, ಬ್ಯಾಂಕ್ ಕಾರ್ಡ್, ಅದರ ಪಿನ್ (ಬೇರೆ ಲಕೋಟೆಯಲ್ಲಿ, ಬೇರೆ ದಿನ), ಆರೋಗ್ಯ ವಿಮೆಯ ಕಾರ್ಡ್, ಎಲ್ಲವೂ ಕಾಗದದಲ್ಲೇ. ಬಾಗಿಲು ಸಂಖ್ಯೆ ನೋಡಿ ಅಂಚೆ ಹಾಕುವ ಪದ್ಧತಿ ಅಲ್ಲಿಲ್ಲ, ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಲಕೋಟೆ ವಾಪಸ್. ಆದ್ದರಿಂದ ಬೀಗದ ಕೈ ಸಿಕ್ಕ ದಿನವೇ ಕರೆಗಂಟೆಯ ಪಕ್ಕವೂ ಅಂಚೆಪೆಟ್ಟಿಗೆಯ ಮೇಲೂ ಪಾಸ್‌ಪೋರ್ಟಿನ ಸರ್‌ನೇಮ್ ಸಾಲಿನಲ್ಲಿ ಏನಿದೆಯೋ ಅದನ್ನೇ ಬರೆದು ಅಂಟಿಸಿ. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರೋ ಅಪ್ಪನ ಹೆಸರೋ ಆ ಸಾಲಿಗೆ ಬಂದಿರುತ್ತದೆ. ಗೆಳೆಯರು ಕರೆಯುವ ಹೆಸರು ಅಂಟಿಸಿದರೆ ಪ್ರಯೋಜನವಿಲ್ಲ.

ದುಡ್ಡಿನ ವಿಷಯ. ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೊ ಇಟ್ಟಿದ್ದರೆ ತಿಂಗಳಿಗೆ ಬಿಡುಗಡೆಯಾಗುವುದು 992 ಯೂರೊ. ಮೊದಲ ತಿಂಗಳ ಖರ್ಚು ಇದರಲ್ಲಿ ಮುಗಿಯುವುದಿಲ್ಲ. ಬಾಡಿಗೆ, ಸೆಮಿಸ್ಟರ್ ಶುಲ್ಕ, ವಿಮೆ ಎಲ್ಲದರ ಜೊತೆಗೆ ಮುಂಗಡವೂ ಇರುತ್ತದೆ. ಮುಂಗಡ ಹೆಚ್ಚೆಂದರೆ ಮೂರು ತಿಂಗಳ ‘ತಣ್ಣನೆ’ ಬಾಡಿಗೆ, ಅಂದರೆ ಹೀಟರು, ನೀರು ಸೇರಿಸದ ಬಾಡಿಗೆ. ಅದನ್ನು ಮೂರು ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗೆ ಕಾನೂನಿನಲ್ಲೇ ಇದೆ. ಇನ್ನೂ ಹೊರಡದವರು ಬ್ಲಾಕ್ಡ್ ಅಕೌಂಟಿನ ಆಚೆಗೆ ಎರಡು ತಿಂಗಳ ಖರ್ಚನ್ನು ಫೊರೆಕ್ಸ್ ಕಾರ್ಡಿನಲ್ಲಿ ಇಟ್ಟುಕೊಂಡೇ ವಿಮಾನ ಹತ್ತಿ.

ಇನ್ನೊಂದು ಲಕೋಟೆ ಎಲ್ಲರನ್ನೂ ಗಾಬರಿಗೊಳಿಸುತ್ತದೆ: ರೇಡಿಯೊ-ಟಿವಿ ಶುಲ್ಕ, ತಿಂಗಳಿಗೆ 18.36 ಯೂರೊ. ಟಿವಿ ಇಲ್ಲದಿದ್ದರೂ ಕಟ್ಟಬೇಕು, ಆದರೆ ಲೆಕ್ಕ ಮನೆಗೊಂದು. ನಾಲ್ಕು ಜನ ಇರುವ ಮನೆಯಲ್ಲಿ ಒಬ್ಬರು ಕಟ್ಟಿದರೆ ಸಾಕು. ಉಳಿದ ಮೂವರು ಕಟ್ಟುವವರ ಶುಲ್ಕ-ಖಾತೆ ಸಂಖ್ಯೆ ಬರೆದು ಆ ಕಾಗದಕ್ಕೆ ಉತ್ತರಿಸಬೇಕು. ಉತ್ತರಿಸದೆ ಮೂಲೆಗೆ ಹಾಕಿದರೆ ಬಾಕಿ ಬೆಳೆಯುತ್ತಲೇ ಹೋಗುತ್ತದೆ.

ಪ್ರಶ್ನೆ: ನೀರಿನ ಬಾಟಲಿಗೆ ಬಿಲ್ಲಿನಲ್ಲಿ 25 ಸೆಂಟ್ ಹೆಚ್ಚು ಹಾಕುತ್ತಾರೆ. ಯಾಕೆ? (ಹಾಸನ)

ಅದು ಬಾಟಲಿಯ ಠೇವಣಿ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನಿಗೆ 25 ಸೆಂಟ್. ತೊಳೆದು ಮತ್ತೆ ತುಂಬುವ ಬಾಟಲಿಗೆ ಸಾಮಾನ್ಯವಾಗಿ 8 ಅಥವಾ 15. ಅಂಗಡಿಯ ಯಂತ್ರಕ್ಕೆ ಹಾಕಿ ಚೀಟಿ ಪಡೆದು ಕ್ಯಾಶ್ ಕೌಂಟರಿನಲ್ಲಿ ಕೊಡಿ. ಬಾಟಲಿ ಜಜ್ಜಬೇಡಿ, ಲೇಬಲ್ ಕೀಳಬೇಡಿ, ಯಂತ್ರ ಓದುವುದಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳಂಥ ಕೆಲವಷ್ಟೇ ತೆರೆದಿರುತ್ತವೆ. ಹಾಲು, ಬ್ರೆಡ್ಡು ಶನಿವಾರವೇ ತನ್ನಿ.

ಪ್ರಶ್ನೆ: ಇಲ್ಲಿ ಹಾಜರಾತಿ ಇಲ್ಲ, ಇಂಟರ್ನಲ್ಸ್ ಇಲ್ಲ. ತರಗತಿ ಮುಗಿದಾಗ ಎಲ್ಲರೂ ಮೇಜು ಕುಟ್ಟುತ್ತಾರೆ. ಪರೀಕ್ಷೆ ಫೆಬ್ರವರಿಯಲ್ಲಂತೆ. ಆರಾಮಾಗಿರಬಹುದಾ? (ದಾವಣಗೆರೆಯವರು, ಈಗ ಡ್ರೆಸ್ಡೆನ್)

ಮೇಜು ಕುಟ್ಟುವುದು ಅಲ್ಲಿಯ ಚಪ್ಪಾಳೆ, ನೀವೂ ಕುಟ್ಟಿ. ವೇಳಾಪಟ್ಟಿಯಲ್ಲಿ 10ರ ಮುಂದೆ ‘ಸಿ.ಟಿ.’ ಎಂದಿದ್ದರೆ ತರಗತಿ 10.15ಕ್ಕೆ, ‘ಎಸ್.ಟಿ.’ ಎಂದಿದ್ದರೆ ಸರಿಯಾಗಿ 10ಕ್ಕೆ.

ಆರಾಮಾಗಿರುವ ಮಾತು ಮಾತ್ರ ಬೇಡ. ಕೋರ್ಸಿಗೆ ಸೇರುವುದೇ ಬೇರೆ, ಅದರ ಪರೀಕ್ಷೆಗೆ ಹೆಸರು ಕೊಡುವುದೇ ಬೇರೆ. ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಪ್ರತಿ ಪರೀಕ್ಷೆಗೂ ಪೋರ್ಟಲಿನಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು. ಆ ಕಿಟಕಿ ಕೆಲವು ವಾರ ತೆರೆದಿದ್ದು ಮುಚ್ಚಿಹೋಗುತ್ತದೆ. ಯಾರೂ ನೆನಪಿಸುವುದಿಲ್ಲ. ಸೆಮಿಸ್ಟರ್ ಪೂರ್ತಿ ಮೊದಲ ಬೆಂಚಿನಲ್ಲಿ ಕೂತು ಓದಿದವರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಪರೀಕ್ಷೆ ಬರೆಯಲಾರರು. ಇನ್ನೊಂದು ತುದಿಯ ತಪ್ಪೂ ಇದೆ: ಹೆಸರು ಕೊಟ್ಟು, ಹಿಂತೆಗೆದುಕೊಳ್ಳುವ ದಿನ ದಾಟಿಸಿ, ಬರೆಯದೆ ಉಳಿದರೆ 5.0, ಅಂದರೆ ಫೇಲು. ಜ್ವರ ಬಂದರೆ ಅದೇ ದಿನ ವೈದ್ಯರ ಪ್ರಮಾಣಪತ್ರ ಪಡೆದು ತಡಮಾಡದೆ ಪರೀಕ್ಷಾ ಕಚೇರಿಗೆ ತಲುಪಿಸಿ.

ನಮ್ಮಲ್ಲಿಯಂತೆ ಬ್ಯಾಕ್‌ಲಾಗನ್ನು ಎಷ್ಟು ಸಲವಾದರೂ ಕಟ್ಟಬಹುದು ಎಂಬ ಲೆಕ್ಕ ಅಲ್ಲಿ ನಡೆಯದು. ಸಾಮಾನ್ಯವಾಗಿ ಒಂದು ಪರೀಕ್ಷೆಗೆ ಮೂರು ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರೂ ಮುಗಿದರೆ ‘ಅಂತಿಮವಾಗಿ ಅನುತ್ತೀರ್ಣ’; ಆ ಕೋರ್ಸಿನಿಂದ ಹೆಸರು ಹೋಗುತ್ತದೆ, ಅದನ್ನೇ ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲಿ ಓದುವ ದಾರಿಯೂ ಸಾಮಾನ್ಯವಾಗಿ ಮುಚ್ಚುತ್ತದೆ. ವೀಸಾಕ್ಕೂ ತೊಂದರೆ. ಈ ವಾರವೇ ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿ ಇಳಿಸಿಕೊಂಡು ಎರಡು ಸಂಗತಿ ಹುಡುಕಿ: ಎಷ್ಟು ಅವಕಾಶ, ಹಿಂತೆಗೆಯುವ ಕೊನೆಯ ದಿನ ಯಾವುದು.

ಅಲ್ಲಿ 1.0 ಅತ್ಯುತ್ತಮ, 4.0 ಪಾಸು. ಹತ್ತಕ್ಕೆ 8.2 ತೆಗೆದವರಿಗೆ, ಪಾಸು 4 ಎಂದಿದ್ದರೆ, ನಮ್ಮ ಅಂಕವನ್ನು ಜರ್ಮನ್ ಅಂಕಕ್ಕೆ ಬದಲಿಸುವ ಬವೇರಿಯನ್ ಸೂತ್ರದಂತೆ ಬರುವುದು 1.9. ಮೊದಲ ಸೆಮಿಸ್ಟರಿನಲ್ಲಿ 2.7 ಬಂದರೆ ಅಳಬೇಡಿ, ಅದು ಕೆಟ್ಟ ಅಂಕವಲ್ಲ.

ಪ್ರಶ್ನೆ: ಮಗಳ ಕೋಣೆಯ ಗೋಡೆಯಲ್ಲಿ ಕಪ್ಪು ಕಲೆ ಎದ್ದಿದೆ. ಮನೆ ಮಾಲೀಕರು ಅವಳ ಅಡುಗೆಯನ್ನು ದೂರುತ್ತಿದ್ದಾರೆ. ಕಿಟಕಿ ಯಾವಾಗಲೂ ಸ್ವಲ್ಪ ತೆರೆದೇ ಇಟ್ಟಿರುತ್ತಾಳಂತೆ. (ಶಿವಮೊಗ್ಗದ ತಾಯಿ)

ಆ ‘ಸ್ವಲ್ಪ ತೆರೆದೇ ಇಡುವುದ’ರಲ್ಲೇ ತಪ್ಪಿದೆ, ಅಮ್ಮ. ಮಲೆನಾಡಿನ ಮಳೆಗಾಲದ ಬೂಷ್ಟು ನಿಮಗೆ ಗೊತ್ತು. ಅಲ್ಲಿ ಅದು ಚಳಿಗಾಲದಲ್ಲಿ, ಕೋಣೆಯೊಳಗಿನ ತೇವದಿಂದಲೇ ಬರುತ್ತದೆ. 20 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 17 ಗ್ರಾಂ ನೀರು ಹಿಡಿದುಕೊಳ್ಳಬಲ್ಲದು, ಸೊನ್ನೆ ಡಿಗ್ರಿಯ ಗಾಳಿ ಹೆಚ್ಚುಕಡಿಮೆ 5 ಗ್ರಾಂ ಮಾತ್ರ. ಕುಕ್ಕರಿನ ಸೀಟಿ, ಸ್ನಾನ, ಒಳಗೇ ಒಣಗಿಸಿದ ಬಟ್ಟೆ, ನಿದ್ದೆಯ ಉಸಿರು, ಎಲ್ಲದರ ತೇವವೂ ಹೊರಗೋಡೆಯ ತಣ್ಣನೆ ಮೂಲೆಗೆ ತಾಗಿ ನೀರಾಗುತ್ತದೆ. ಕಿಟಕಿ ಓರೆಯಾಗಿ ಗಂಟೆಗಟ್ಟಲೆ ತೆರೆದಿದ್ದರೆ ಅದರ ಸುತ್ತಲ ಗೋಡೆ ಇನ್ನಷ್ಟು ತಣ್ಣಗಾಗಿ ಬೂಷ್ಟಿಗೆ ಹದವಾದ ಜಾಗವಾಗುತ್ತದೆ.

ಮಾಡಬೇಕಾದದ್ದು ಶ್ಟೋಸ್‌ಲ್ಯುಫ್ಟೆನ್. ಹೀಟರ್ ತಗ್ಗಿಸಿ, ಕಿಟಕಿಯನ್ನು ಪೂರ್ತಿ ತೆರೆದು, ಕೊರೆಯುವ ಚಳಿಯಲ್ಲಿ ಐದು ನಿಮಿಷ, ಅಕ್ಟೋಬರಿನಂಥ ತಿಂಗಳಲ್ಲಿ ಹತ್ತು-ಹದಿನೈದು ನಿಮಿಷ ಬಿಟ್ಟು ಮುಚ್ಚುವುದು. ದಿನಕ್ಕೆ ಮೂರ್ನಾಲ್ಕು ಸಲ, ಅಡುಗೆ ಮತ್ತು ಸ್ನಾನದ ಬೆನ್ನಿಗೇ. ಅಡುಗೆ ಮಾಡುವಾಗ ಕೋಣೆಯ ಬಾಗಿಲು ಮುಚ್ಚಿರಲಿ. ಹೀಟರಿನ ತಿರುಗುಗುಂಡಿಯ 3 ಅಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಕಾಯುವುದಿಲ್ಲ, ಹೆಚ್ಚು ಕಾಯುತ್ತದೆ ಅಷ್ಟೆ. ಬಿಲ್ಲು ಉಳಿಸಲು ಪೂರ್ತಿ ಆರಿಸಿಟ್ಟರೆ ಗೋಡೆ ತಣ್ಣಗಾಗಿ ಮತ್ತೆ ಬೂಷ್ಟು. ಬೀರುವನ್ನು ಹೊರಗೋಡೆಯಿಂದ ಒಂದು ಗೇಣು ದೂರ ಸರಿಸಿ. ತೇವಮಾಪಕ ತಂದಿಟ್ಟು 40ರಿಂದ 60 ಪ್ರತಿಶತದೊಳಗೆ ಇದೆಯೇ ನೋಡುತ್ತಿರಲಿ.

ಕಲೆಯ ಫೋಟೊ ತೆಗೆದು ದಿನಾಂಕ ಹಾಕಿ ಮನೆ ಮಾಲೀಕರಿಗೆ ಇವತ್ತೇ ಬರಹದಲ್ಲಿ ತಿಳಿಸಲಿ. ಮುಚ್ಚಿಟ್ಟರೆ ಹಾನಿಯ ಹೊಣೆ ಅವಳ ಮೇಲೆ ಬರಬಹುದು. ದೋಷ ಅಡುಗೆಯದೋ ಕಟ್ಟಡದ್ದೋ ಎಂಬ ಜಗಳವಾದರೆ ವಿದ್ಯಾರ್ಥಿ ಸಂಘದಲ್ಲಿ ಉಚಿತ ಕಾನೂನು ಸಲಹೆ ಸಿಗುತ್ತದೆಯೇ ಕೇಳಲಿ, ಹಲವು ವಿಶ್ವವಿದ್ಯಾಲಯಗಳಲ್ಲಿ ಇದೆ.

ಪ್ರಶ್ನೆ: ಮಗ ಮಾರ್ಚಿನಲ್ಲಿ ಹೊರಡುತ್ತಾನೆ. ತುಪ್ಪ, ಕರಿಬೇವು, ಕುಕ್ಕರ್ ಕಳಿಸಬಹುದೇ? (ಹುಬ್ಬಳ್ಳಿ)

ತುಪ್ಪ ಬೇಡ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಧಾರವಾಡ ಪೇಡೆಗೂ ಇದೇ ಆತಂಕ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಒಣಗಿಸಿ ಪುಡಿ ಮಾಡಿ ಕಳಿಸಿ. ಸಾರಿನ ಪುಡಿ, ಚಟ್ನಿಪುಡಿ, ಇಂಗು ಹೋಗಲಿ. ತುಪ್ಪಕ್ಕೆ ಅಲ್ಲಿ ‘ಬುಟ್ಟರ್‌ಶ್ಮಾಲ್ಟ್ಸ್’ ಎಂಬ ಕಾಯಿಸಿದ ಬೆಣ್ಣೆ ಪ್ರತಿ ಅಂಗಡಿಯಲ್ಲೂ ಇದೆ. ಉಪ್ಪಿಟ್ಟಿಗೆ ‘ಹಾರ್ಟ್‌ವೈಟ್ಸನ್‌ಗ್ರೀಸ್’ ಎಂಬ ಗಟ್ಟಿಗೋಧಿ ರವೆ ತೆಗೆದುಕೊಳ್ಳಲಿ, ‘ವೈಶ್’ ಎಂದು ಶುರುವಾಗುವ ರವೆ ಮುದ್ದೆಯಾಗುತ್ತದೆ. ‘ಮಿಲ್ಶ್‌ರೈಸ್’ ಪಾಯಸದ ಅಂಟಕ್ಕಿ, ಅನ್ನಕ್ಕಲ್ಲ. ಕೆಂಪು ಮಸೂರ್ ಬೇಳೆ ಎಲ್ಲೆಡೆ ಸಿಗುತ್ತದೆ, ತೊಗರಿ ಏಷ್ಯನ್ ಅಂಗಡಿಯಲ್ಲಿ ಮಾತ್ರ. ಕೊತ್ತಂಬರಿ, ಬೆಂಡೆಕಾಯಿಗೆ ಟರ್ಕಿಯವರ ಅಂಗಡಿ.

ಕುಕ್ಕರ್ ಕಳಿಸುವುದಾದರೆ ಇಂಡಕ್ಷನ್ ತಳದ ಸ್ಟೀಲಿನದು, 3 ಲೀಟರ್ ಸಾಕು. ಬರಿ ಅಲ್ಯುಮಿನಿಯಮ್ ಇಂಡಕ್ಷನ್ ಮೇಲೆ ಕಾಯುವುದಿಲ್ಲ, ದುಂಡು ತಳದ ಬಾಣಲೆ ಗಾಜಿನ ಒಲೆಯ ಮೇಲೆ ಕೂರುವುದಿಲ್ಲ. ವಿದ್ಯುತ್ 230 ವೋಲ್ಟೇ, ಆದರೆ ನಮ್ಮ ಮೂರು ಪಿನ್ನಿನ ಪ್ಲಗ್ಗಿಗೆ ಅಡಾಪ್ಟರ್ ಬೇಕು. ರಾತ್ರಿ 10ರ ಮೇಲೆ, ಭಾನುವಾರ ಮಿಕ್ಸಿ ಹಾಕದಿರಲಿ, ಅದು ಮೌನದ ಹೊತ್ತು.

ಪ್ರಶ್ನೆ: ನವೆಂಬರ್ ಬಂದಾಗಿನಿಂದ ಮಗಳು ಫೋನಿನಲ್ಲಿ ಮಂಕಾಗಿದ್ದಾಳೆ. ಯಾರೂ ಮಾತಾಡಿಸಲ್ಲ ಅನ್ನುತ್ತಾಳೆ. (ಮೈಸೂರು)

ಬರ್ಲಿನ್‌ನಲ್ಲಿ ಡಿಸೆಂಬರಿನ ಸೂರ್ಯ ನಾಲ್ಕು ಗಂಟೆಗೆ ಮೊದಲೇ ಮುಳುಗುತ್ತಾನೆ. ಆ ಮಂಕಿನಲ್ಲಿ ಕತ್ತಲೆಯ ಪಾಲೂ ಇದೆ. ಮಧ್ಯಾಹ್ನದ ಬೆಳಕಿನಲ್ಲಿ ಅರ್ಧ ಗಂಟೆ ನಡೆಯಲಿ. ಕರೆಯದೆ ಬಾಗಿಲು ತಟ್ಟುವ ರೂಢಿ ಅಲ್ಲಿಲ್ಲ. ಪರಿಚಯ ಬೆಳೆಯುವುದು ವಾರಕ್ಕೊಮ್ಮೆ ಅದೇ ಜಾಗದಲ್ಲಿ ಅದೇ ಜನರನ್ನು ಕಂಡಾಗ. ವಿಶ್ವವಿದ್ಯಾಲಯದ ಕ್ರೀಡಾ ತರಗತಿಗಳು ಅಗ್ಗ, ಆದರೆ ನೋಂದಣಿ ತೆರೆದ ಕೂಡಲೇ ತುಂಬುತ್ತವೆ, ದಿನ ಗುರುತಿಟ್ಟುಕೊಳ್ಳಲಿ. ಮ್ಯೂನಿಕ್, ಫ್ರಾಂಕ್‌ಫರ್ಟ್ ಕಡೆ ಕನ್ನಡಿಗರ ಕೂಟಗಳೂ ಇವೆ. ಎರಡು ವಾರ ನಿದ್ದೆ-ಊಟ ಸರಿಯಾಗದಿದ್ದರೆ ವಿದ್ಯಾರ್ಥಿ ಸೇವಾ ಸಂಸ್ಥೆಯ ಆಪ್ತಸಮಾಲೋಚಕರನ್ನು ಕಾಣಲಿ, ಅನೇಕ ಕಡೆ ಉಚಿತ. ರಾತ್ರಿ, ರಜೆಯಲ್ಲಿ ವೈದ್ಯರು ಬೇಕಾದರೆ 116117, ಜೀವಕ್ಕೆ ಅಪಾಯವಿದ್ದರೆ 112.

ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗಿ ನಮಗೂ ಅವರಿಗೂ ಅಂತರ ನಾಲ್ಕೂವರೆ ಗಂಟೆಯಾಗಿದೆ. ಅವಳು ರಾತ್ರಿ ಎಂಟಕ್ಕೆ ಬಿಡುವಾದಾಗ ನಿಮಗೆ ಹನ್ನೆರಡೂವರೆ, ಅದಕ್ಕೇ ಮಾತು ಕಡಿಮೆಯಾಗಿರುತ್ತದೆ. ಅವಳ ಮಧ್ಯಾಹ್ನ ಒಂದಕ್ಕೆ, ನಿಮ್ಮ ಸಂಜೆ ಐದೂವರೆಗೆ ಫೋನ್ ಮಾಡಿ. ಆಗ ಅವಳು ಊಟಕ್ಕೆ ಕೂತಿರುತ್ತಾಳೆ, ಹೊರಗೆ ಬೆಳಕೂ ಇರುತ್ತದೆ.