ಕೆಲಸದ ಆರ್ಡರ್‌ಗೆ ಅಕೌಂಟೇ ಬೇರೆ ಇರಲಿ

ಹಾವೇರಿ ಕಡೆಯಿಂದ ಡ್ರಿಪ್, ಪಂಪ್‌ಸೆಟ್ ಫಿಟ್ಟಿಂಗ್ ಮಾಡುವ ಗೆಳೆಯರು ಕೇಳಿದ್ದು ಇಷ್ಟು: ಹೊಸದಾಗಿ ಜಿಎಸ್‌ಟಿ ತಗೊಂಡಿದ್ದೀನಿ, ಆನ್‌ಲೈನ್ ಆರ್ಡರ್‌ಗಳಲ್ಲಿ ಮನೆಯ ಸಾಮಾನು, ಕೆಲಸದ ಸಾಮಾನು ಎಲ್ಲ ಕಲಸಿ ಹೋಗಿದೆ, ಆಡಿಟರ್ ಬೈತಾರೆ, ಏನ್ ಮಾಡಲಿ. ಅದಕ್ಕೆ ಇಲ್ಲಿ ಇಬ್ಬರು "ತಿಂಗಳ ಕೊನೆಗೆ ಎಕ್ಸೆಲ್‌ನಲ್ಲಿ ವಿಂಗಡಿಸಿ" ಅಂದಿದ್ದಾರೆ. ನಾನು ಒಪ್ಪಲ್ಲ. ತಿಂಗಳ ಕೊನೆಗೆ ಕೂತರೆ ಆ 340 ರೂಪಾಯಿ ಇನ್ಸುಲೇಷನ್ ಟೇಪಿಗೆ ಹೋಗಿದ್ದೋ ಮಕ್ಕಳ ನೋಟ್‌ಬುಕ್ಕಿಗೆ ಹೋಗಿದ್ದೋ ಯಾರಿಗೂ ನೆನಪಿರಲ್ಲ. ಅದೂ ಅಲ್ಲದೆ ಜಿಎಸ್‌ಟಿ ನಂಬರ್ ಇಲ್ಲದೆ ಆದ ಬಿಲ್ಲನ್ನು ಎಕ್ಸೆಲ್‌ನಲ್ಲಿ ಎಷ್ಟು ಬಣ್ಣ ಹಚ್ಚಿ ಬೇರೆ ಮಾಡಿದರೂ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಟ್ಯಾಕ್ಸನ್ನು ನಾವು ಕಟ್ಟಬೇಕಾದ ಟ್ಯಾಕ್ಸಿನಲ್ಲಿ ಕಳೆಯೋದು) ಬರಲ್ಲ. ಬೇರೆ ಆಗಬೇಕಾದ್ದು ಆರ್ಡರ್ ಒತ್ತುವಾಗಲೇ.

ಲೆಕ್ಕ ನೋಡಿ. ಡ್ರಿಲ್ ಮೆಷಿನ್, ಕ್ರಿಂಪಿಂಗ್ ಟೂಲ್, ಕ್ಲ್ಯಾಂಪ್ ಮೀಟರ್ ಇಂಥವಕ್ಕೆಲ್ಲ 18% ಜಿಎಸ್‌ಟಿ. 5,900 ರೂಪಾಯಿ ಡ್ರಿಲ್ ಅಂದರೆ 5,000 ಮಾಲು, 900 ಟ್ಯಾಕ್ಸ್. ಬಿಲ್ಲಿನಲ್ಲಿ ನಿಮ್ಮ ನಂಬರ್ ಇದ್ದರೆ ಆ 900 ನೀವು ಕಟ್ಟಬೇಕಾದ ಟ್ಯಾಕ್ಸಿನಲ್ಲಿ ವಜಾ. ಇಲ್ಲದಿದ್ದರೆ ಆ ದುಡ್ಡು ಹೋದಂಗೆ. ಒಂದು ವಿಷಯ ನೆನಪಿಡಿ, ಮೆಷಿನ್ ಮೇಲಿನ ಟ್ಯಾಕ್ಸನ್ನು ಕ್ರೆಡಿಟ್ ತಗೊಂಡರೆ ಡಿಪ್ರಿಸಿಯೇಷನ್ (ಮೆಷಿನ್ ಸವಕಳಿ) ಲೆಕ್ಕಕ್ಕೆ 5,000 ಮಾತ್ರ, 5,900 ಅಲ್ಲ. ಎರಡೂ ಕಡೆ ತಿನ್ನೋಕೆ ಬಿಡಲ್ಲ.

ಮೊದಲು ಹೊಸ ಇಮೇಲ್ ಮಾಡಿ. ನಿಮ್ಮ ಫೋನಲ್ಲಿ ಎರಡನೇ ಸಿಮ್ ಇದ್ದೇ ಇರುತ್ತೆ, ಆ ನಂಬರನ್ನು ಕೆಲಸಕ್ಕೇ ಮೀಸಲಿಡಿ. ಅಮೆಜಾನ್ ಬಿಸಿನೆಸ್ ಅಕೌಂಟ್ ತೆರೆಯುವಾಗ ಮನೆಯ ಹಳೇ ಇಮೇಲ್ ಕೊಟ್ಟರೆ "ಇದನ್ನೇ ಬಿಸಿನೆಸ್‌ಗೆ ಬದಲಾಯಿಸಲೇ" ಅಂತ ಕೇಳುತ್ತೆ. ಹೂಂ ಅನ್ನಬೇಡಿ, ಅಕ್ಕಿ ಬೇಳೆ ಸೀರೆಯ ಹಳೇ ಆರ್ಡರ್‌ಗಳೆಲ್ಲ ಅದರ ಹಿಂದೆಯೇ ಬರುತ್ತವೆ. ಫ್ಲಿಪ್‌ಕಾರ್ಟ್‌ನಲ್ಲಿ ಹಣ ಕಟ್ಟುವ ಮುಂಚೆ ಜಿಎಸ್‌ಟಿ ಇನ್‌ವಾಯ್ಸ್ ಬೇಕು ಅನ್ನೋ ಟಿಕ್ ಇದೆ, ಅಲ್ಲಿ ನಂಬರ್, ಅಂಗಡಿ ಹೆಸರು ಹಾಕಬೇಕು. ಎಲ್ಲ ಐಟಂಗೂ ಅದು ಸಿಗಲ್ಲ, ಸೆಲ್ಲರ್ ಕೊಡುವುದಾದರೆ ಮಾತ್ರ. ಆರ್ಡರ್ ಆದಮೇಲೆ ಸೇರಿಸೋಕೂ ಆಗಲ್ಲ.

ಇನ್‌ವಾಯ್ಸ್ ಪಿಡಿಎಫ್ ಬಂದ ಕೂಡಲೇ ತೆರೆದು ಒಂದೇ ಜಾಗ ನೋಡಿ: ಬಿಲ್ಲಿಂಗ್ ವಿಳಾಸದ ಕೆಳಗೆ 29ರಿಂದ ಶುರುವಾಗುವ ನಿಮ್ಮ 15 ಅಕ್ಷರದ ನಂಬರ್. 29 ಅಂದರೆ ಕರ್ನಾಟಕ, ಅದರ ಮುಂದಿನ ಹತ್ತು ನಿಮ್ಮ ಪ್ಯಾನ್. ಮೇಲ್ಗಡೆ ಇನ್ನೊಂದು ಜಿಎಸ್‌ಟಿ ನಂಬರ್ ಇರುತ್ತೆ, ಅದು ಸೆಲ್ಲರ್‌ದು. ಅದನ್ನು ನೋಡಿ "ನಂಬರ್ ಇದೆಯಲ್ಲ" ಅಂತ ಸುಮ್ಮನಾಗುವವರೇ ಜಾಸ್ತಿ. ಒಂದೇ ಕಾರ್ಟ್‌ನಲ್ಲಿ ಮೂರು ಸಾಮಾನು ಹಾಕಿದರೆ ಮೂರು ಸೆಲ್ಲರ್, ಮೂರು ಬಿಲ್ ಬರಬಹುದು. ಎಲ್ಲವನ್ನೂ ಇಳಿಸಿಕೊಳ್ಳಿ.

ಡೆಲಿವರಿ ವಿಳಾಸದಲ್ಲಿ ನಾನು ಒಂದು ಉಪಾಯ ಮಾಡ್ತೀನಿ. ವಿಳಾಸದ ಎರಡನೇ ಸಾಲಿನಲ್ಲಿ ಕೆಲಸದ ಗುರುತು ಹಾಕ್ತೀನಿ, "ಬ್ಯಾಡಗಿ ಮೆಣಸಿನ ತೋಟ" ಅಂತಲೋ "ಹಾನಗಲ್ ಬೋರ್ ಪ್ಯಾನೆಲ್" ಅಂತಲೋ. ಅದು ಇನ್‌ವಾಯ್ಸ್ ಮೇಲೂ ಅಚ್ಚಾಗುತ್ತೆ. ಯಾವ ರೈತರ ಕೆಲಸಕ್ಕೆ ಎಷ್ಟು ಸಾಮಾನು ಹೋಯ್ತು ಅನ್ನೋದಕ್ಕೆ ಬೇರೆ ಡೈರಿ ಬೇಕಿಲ್ಲ. ನಿಜ ಹೇಳಬೇಕಂದ್ರೆ ನನಗೆ ಟ್ಯಾಕ್ಸ್‌ಗಿಂತ ಇದೇ ದೊಡ್ಡ ಲಾಭ. ಎಕರೆಗೆ ಇಷ್ಟು ಅಂತ ಮಾತಾಡಿ ಕೆಲಸ ಹಿಡೀತೀವಿ, ಸಣ್ಣ ಸಣ್ಣ ಆನ್‌ಲೈನ್ ಖರೀದಿ ಮನೆ ಖರ್ಚಲ್ಲಿ ಮುಚ್ಚಿ ಹೋಗುತ್ತೆ, ಕೊನೆಗೆ ಗಿಟ್ಟಿತೋ ಕೈಯಿಂದ ಹೋಯ್ತೋ ಗೊತ್ತೇ ಆಗಲ್ಲ. ಜಿಎಸ್‌ಟಿ ಇಲ್ಲದವರೂ ಈ ಒಂದು ಕಾರಣಕ್ಕಾದರೂ ಅಕೌಂಟ್ ಬೇರೆ ಮಾಡಿ.

ಹಣ ಕಟ್ಟುವ ದಾರಿಯೂ ಬೇರೆ ಇರಬೇಕು. ಕರೆಂಟ್ ಅಕೌಂಟ್‌ನ ಡೆಬಿಟ್ ಕಾರ್ಡ್ ಆದರೂ ಸರಿ, ಕೆಲಸಕ್ಕೇ ಇಟ್ಟ ಒಂದು ಕ್ರೆಡಿಟ್ ಕಾರ್ಡ್ ಆದರೂ ಸರಿ. ಯುಪಿಐ ಆದರೆ ಒಂದೇ ಆ್ಯಪ್‌ನಲ್ಲಿ ಎರಡು ಬ್ಯಾಂಕ್ ಜೋಡಿಸಬೇಡಿ, ಅವಸರದಲ್ಲಿ ಡಿಫಾಲ್ಟ್ ಇದ್ದ ಅಕೌಂಟಿಂದಲೇ ಹೋಗುತ್ತೆ. ಒಂದು ಆ್ಯಪ್ ಮನೆಗೆ, ಇನ್ನೊಂದು ಕೆಲಸಕ್ಕೆ. ವಾಪಸ್ ಕೊಟ್ಟ ಸಾಮಾನಿನ ರಿಫಂಡನ್ನು ವಾಲೆಟ್ ಬ್ಯಾಲೆನ್ಸ್‌ಗೆ ಹಾಕಿಸಿಕೊಳ್ಳದೆ ಬಂದ ಅಕೌಂಟಿಗೇ ಹಾಕಿಸಿ. ವಾಲೆಟ್‌ಗೆ ಹೋದ ಕೆಲಸದ ದುಡ್ಡು ಮುಂದಿನ ವಾರ ಶಾಂಪೂ ಆಗಿ ಬರುತ್ತೆ.

ಯುಪಿಐ ಬಗ್ಗೆ ಇನ್ನೊಂದು ಮಾತು. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು, ಬೆಂಗಳೂರಲ್ಲಿ ಅಂಗಡಿಗಳು "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ದು ನೆನಪಿರಬೇಕು. ಅದರಲ್ಲಿ ಕೈಸಾಲ, ನೆಂಟರು ಕಳಿಸಿದ ದುಡ್ಡೂ ಸೇರಿದೆ ಅಂತ ಎಷ್ಟೋ ಜನ ಗೋಳಾಡಿದರು. ನಮ್ಮಂಥ ಫಿಟ್ಟಿಂಗ್ ಕೆಲಸ ಸೇವೆ ಲೆಕ್ಕಕ್ಕೆ ಬರುತ್ತೆ, ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ ವಹಿವಾಟು. ಬರೀ ಮಾಲು ಮಾರುವವರಿಗೆ ಮಾತ್ರ 40. ಅಳಿಯ ಕಳಿಸಿದ ದುಡ್ಡು, ರೈತರು ಕೊಟ್ಟ ಅಡ್ವಾನ್ಸ್ ಒಂದೇ ಕ್ಯೂಆರ್‌ಗೆ ಬಿದ್ದರೆ ಬಿಡಿಸಿ ಹೇಳುವ ಹೊರೆ ನಿಮ್ಮ ತಲೆ ಮೇಲೆ.

ಈಗ ಯಾರೂ ಬಾಯಿ ಬಿಟ್ಟು ಹೇಳದ ವಿಷಯ. ಜಿಎಸ್‌ಟಿ ನಂಬರ್ ಬಂದ ಮೇಲೆ ಮನೆಯ ಟಿವಿ, ಫ್ರಿಜ್‌ಗೂ ಅದನ್ನೇ ಹಾಕಿ ಅಂತ ಸಲಹೆ ಕೊಡುವವರು ಇದ್ದಾರೆ. ಬೇಡ. ಸ್ವಂತ ಬಳಕೆಯ ಸಾಮಾನಿಗೆ ಕ್ರೆಡಿಟ್ ಇಲ್ಲ ಅಂತ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)ರಲ್ಲಿ ಸ್ಪಷ್ಟವಾಗಿದೆ. ತಪ್ಪಾಗಿ ತಗೊಂಡು ಬಳಸಿದ್ದು ಸಿಕ್ಕಿಬಿದ್ದರೆ ವಾಪಸ್ ಕಟ್ಟಬೇಕು, ಮೇಲೆ ವರ್ಷಕ್ಕೆ 18% ಬಡ್ಡಿ. ಡ್ರಿಪ್ ಕಾಂಟ್ರಾಕ್ಟರ್ ಲೆಕ್ಕದಲ್ಲಿ 55 ಇಂಚಿನ ಟಿವಿ ಕಂಡರೆ ಅಧಿಕಾರಿಗೆ ಹುಡುಕುವ ಕೆಲಸವೇ ಇರಲ್ಲ. ಅಕಸ್ಮಾತ್ ಮನೆಯ ಸಾಮಾನು ಕೆಲಸದ ಅಕೌಂಟಿಂದ ಬಂದರೆ ಮುಚ್ಚಿಡಬೇಡಿ, ಆಡಿಟರ್‌ಗೆ ಹೇಳಿ. ಟ್ಯಾಕ್ಸ್ ಕಟ್ಟುವಾಗ ಹಾಕುವ 3ಬಿ ರಿಟರ್ನ್‌ನ 4(ಬಿ)(1) ಕಾಲಂನಲ್ಲಿ ಅದನ್ನು ವಾಪಸ್ ತೋರಿಸುತ್ತಾರೆ, ಅಲ್ಲಿಗೆ ಮುಗೀತು.

ತಿಂಗಳಿಗೊಮ್ಮೆ, 14ನೇ ತಾರೀಕು 2ಬಿ (ಸೆಲ್ಲರ್‌ಗಳು ನಿಮ್ಮ ನಂಬರಿಗೆ ತೋರಿಸಿದ ಬಿಲ್ಲುಗಳ ಪಟ್ಟಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಗುತ್ತೆ) ಬಂದಮೇಲೆ, ಇಳಿಸಿಟ್ಟ ಪಿಡಿಎಫ್‌ಗಳನ್ನು ಅದರ ಜೊತೆ ತಾಳೆ ನೋಡಿ. ಮೂರು ತಿಂಗಳಿಗೊಮ್ಮೆ ಫೈಲ್ ಮಾಡುವವರಾದರೆ ಆ ಲೆಕ್ಕಕ್ಕೆ. ಸೆಲ್ಲರ್ ತೋರಿಸದ ಬಿಲ್ ಇದ್ದರೆ ಆಗಲೇ ಬೆನ್ನು ಹತ್ತಬೇಕು. ಒಂದು ಹಣಕಾಸು ವರ್ಷದ ಬಿಲ್ಲಿಗೆ ಕ್ರೆಡಿಟ್ ತಗೊಳ್ಳೋಕೆ ಮುಂದಿನ ನವೆಂಬರ್ 30ರವರೆಗೆ ಅವಕಾಶ, ವಾರ್ಷಿಕ ರಿಟರ್ನ್ ಅದಕ್ಕೂ ಮುಂಚೆ ಹಾಕಿದರೆ ಅಲ್ಲಿಗೇ ಮುಗೀತು. ಪಿಡಿಎಫ್‌ಗಳನ್ನು ಆರು ವರ್ಷಕ್ಕೂ ಮೇಲೆ ಇಡಬೇಕಾಗುತ್ತೆ, ಫೋನ್‌ನಲ್ಲಿ ಮಾತ್ರ ಇಟ್ಟು ಫೋನ್ ಬಾವಿಗೆ ಬಿದ್ದರೆ ಕಷ್ಟ (ನಮ್ಮ ಕೆಲಸದಲ್ಲಿ ಬೀಳುತ್ತೆ!), ಇಮೇಲ್‌ಗೂ ಒಂದು ಪ್ರತಿ ಹಾಕಿ.

ಹಳೇ ಕಲಸುಮೇಲೋಗರದ ಬಗ್ಗೆ: ನಂಬರ್ ಇಲ್ಲದ ಹಳೇ ಆರ್ಡರ್‌ಗಳ ಟ್ಯಾಕ್ಸ್ ಮರೆತುಬಿಡಿ. ಅವುಗಳಲ್ಲಿ ಮೆಷಿನ್‌ಗಳ ಬಿಲ್ ಮಾತ್ರ ವಾರಂಟಿಗಾಗಿ ಇಳಿಸಿಟ್ಟುಕೊಳ್ಳಿ. ಆದರೆ ಮಿತಿ ದಾಟಿ ನೋಂದಣಿ ಮಾಡಿಸಿದ್ದಾದರೆ, ಆ ಹೊತ್ತಿಗೆ ಗೋಡೌನ್‌ನಲ್ಲಿದ್ದ ಪೈಪು, ವಾಲ್ವಿನಂಥ ಸ್ಟಾಕ್‌ಗೆ ಐಟಿಸಿ-01 ಫಾರಂನಲ್ಲಿ ಕ್ರೆಡಿಟ್ ಕೇಳುವ ದಾರಿ ಇದೆ. ಮೆಷಿನ್‌ಗೆ ಅದು ಅನ್ವಯಿಸಲ್ಲ. 30 ದಿನದ ಗಡುವಿನ ವಿಷಯ, ಆದ್ದರಿಂದ ನಾಳೆಯೇ ಆಡಿಟರ್‌ಗೆ ಫೋನ್ ಮಾಡಿ.

ಇದೆಲ್ಲ ನೀವು ಜಿಎಸ್‌ಟಿಯ ರೆಗ್ಯುಲರ್ ಸ್ಕೀಮ್‌ನಲ್ಲಿದ್ದೀರಿ ಅಂದ್ಕೊಂಡು ಬರೆದದ್ದು. ಕಾಂಪೋಸಿಷನ್ (ಸಣ್ಣವರು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ಟ್ಯಾಕ್ಸ್ ಕಟ್ಟುವ ಸ್ಕೀಮ್) ತಗೊಂಡಿದ್ದರೆ ಕ್ರೆಡಿಟ್ ಮಾತೇ ಬರಲ್ಲ, ಅಕೌಂಟ್ ಬೇರೆ ಮಾಡುವಷ್ಟು ಸಾಕು. ಯಾವುದು ಅಂತ ಇಲ್ಲೇ ತಿಳಿಸಿ.