ಹೊಸ ರ‍್ಯಾಮ್ ಹಾಕಿದ ಮೇಲೆ ಕಣ್ಣು ಬಿಡದ ಕಂಪ್ಯೂಟರ್

ಪ್ರಶ್ನೆ: ಅಣ್ಣ, ಚಳ್ಳಕೆರೆಯಲ್ಲಿ ನನ್ನದೊಂದು ಸಣ್ಣ ಡಿ.ಟಿ.ಪಿ. ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ಶ್ರದ್ಧಾಂಜಲಿಯ ಬ್ಯಾನರ್, ಇವೇ ಕೆಲಸ. ಕಂಪ್ಯೂಟರ್ ಕೊಂಡದ್ದು 2011ರಲ್ಲಿ. ಪೆಂಟಿಯಂ ಡ್ಯುಯಲ್ ಕೋರ್, ಜಿ41 ಮದರ್‌ಬೋರ್ಡ್, ಒಂದೊಂದು ಜಿಬಿಯ ಎರಡು ಡಿಡಿಆರ್3 ರ‍್ಯಾಮ್, 32 ಬಿಟ್ ವಿಂಡೋಸ್ 7. ವಧೂವರರ ಫೋಟೊ ಹಾಕಿದ ಪತ್ರಿಕೆ ತೆರೆದರೆ ಮೌಸ್ ಕೂಡ ಅಲುಗುವುದಿಲ್ಲ. ಅದಕ್ಕೇ 4 ಜಿಬಿಯ ಎರಡು ರ‍್ಯಾಮ್ ತರಿಸಿ ನಾನೇ ಹಾಕಿದೆ. ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಡಿಸ್‌ಪ್ಲೇ ಮಾತ್ರ ಇಲ್ಲ. ಗಾಬರಿಯಾಗಿ ಹಳೆಯದನ್ನೇ ಮರಳಿ ಹಾಕಿದೆ. ಈಗ ಅದೂ ಬರುತ್ತಿಲ್ಲ. ನೋಡಿದವರೆಲ್ಲ ಬೋರ್ಡ್ ಸುಟ್ಟಿದೆ, ಗುಜರಿಗೆ ಹಾಕಿ ಎನ್ನುತ್ತಾರೆ. ಈ ಸಲದ ಲಗ್ನದ ಕೆಲಸವೆಲ್ಲ ಅದರೊಳಗಿದೆ. ಫೋಟೊ ತೆಗೆದು ಕಳುಹಿಸಿದ್ದೇನೆ.
— ಓದುಗರೊಬ್ಬರು, ಚಳ್ಳಕೆರೆ

ಉತ್ತರ: ತಂಗಿ, ಮೊದಲು ನಿಮ್ಮ ಕೊನೆಯ ಚಿಂತೆಗೆ ಉತ್ತರ. ಲಗ್ನಪತ್ರಿಕೆಗಳು ಇರುವುದು ಹಾರ್ಡ್ ಡಿಸ್ಕಿನಲ್ಲಿ. ರ‍್ಯಾಮ್ ಎಂದರೆ ಕೆಲಸ ನಡೆಯುವಾಗ ಮಾತ್ರ ಬಳಕೆಯಾಗುವ ತಾತ್ಕಾಲಿಕ ನೆನಪು, ಅದನ್ನು ಬದಲಿಸಿದ ಮಾತ್ರಕ್ಕೆ ಪತ್ರಿಕೆಗಳು ಎಲ್ಲಿಗೂ ಹೋಗುವುದಿಲ್ಲ. ತೀರಾ ಅವಸರವಿದ್ದರೆ ಆ ಡಿಸ್ಕ್ ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಫೈಲುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಗಿರಾಕಿಗೆ ಕೊಟ್ಟ ಮಾತು ಉಳಿಯಲಿ, ಉಳಿದದ್ದನ್ನು ನಿಧಾನವಾಗಿ ನೋಡೋಣ.

ನಿಮ್ಮ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಎರಡು ಸಂಗತಿ ಕಂಡವು, ಎರಡೂ ಬೇರೆ ಬೇರೆ ತೊಂದರೆ. ಎರಡು ಒಟ್ಟಿಗೇ ಬಂದದ್ದರಿಂದ ನೋಡಿದವರಿಗೆ ಬೋರ್ಡೇ ಹೋಗಿದೆ ಅನ್ನಿಸಿರಬೇಕು.

ಮೊದಲನೆಯದು ಹೊಸ ರ‍್ಯಾಮಿನದು. ಹಸಿರು ಪಟ್ಟಿಯ ಒಂದು ಬದಿಯಲ್ಲಿ ಎಂಟು ಕಪ್ಪು ಚಿಪ್‌ಗಳಿವೆ, ತಿರುಗಿಸಿದರೆ ಹಿಂಬದಿ ಬೋಳು. ಒಂದು ಬೈಟಿಗೆ ಎಂಟು ಬಿಟ್, ಹಾಗಾಗಿ 4 ಜಿಬಿ (ಗಿಗಾಬೈಟ್) ಎಂದರೆ 32 ಗಿಗಾಬಿಟ್. ಅದನ್ನು ಎಂಟು ಚಿಪ್‌ಗಳಿಗೆ ಹಂಚಿದರೆ ಒಂದೊಂದಕ್ಕೆ 4 ಗಿಗಾಬಿಟ್ ಬರುತ್ತದೆ. ಜಿ41 ಕಾಲದ ಬೋರ್ಡುಗಳಲ್ಲಿ ರ‍್ಯಾಮನ್ನು ನಡೆಸುವ ಕೆಲಸ ಪ್ರೊಸೆಸರಿನದಲ್ಲ, ಬೋರ್ಡಿನ ಮೇಲಿರುವ ಇಂಟೆಲ್ ಚಿಪ್‌ಸೆಟ್ಟಿನದು. ಅಷ್ಟು ದೊಡ್ಡ ಚಿಪ್‌ನ ಲೆಕ್ಕ ಅದಕ್ಕೆ ತಿಳಿಯದು. ಅದೇ 4 ಜಿಬಿಯನ್ನು ಎರಡೂ ಬದಿಗೆ ಎಂಟೆಂಟರಂತೆ ಹದಿನಾರು ಚಿಪ್‌ಗಳಲ್ಲಿ ಹಂಚಿದ್ದರೆ ಒಂದೊಂದು 2 ಗಿಗಾಬಿಟ್ ಆಗಿ, ಈ ಬೋರ್ಡು ಓದುವ ಸಾಧ್ಯತೆ ಇರುತ್ತಿತ್ತು. ರ‍್ಯಾಮಿನ ಪೀಳಿಗೆಯೂ ಅದೇ, ಡಿಡಿಆರ್3 ಎಂದು ಬರೆದಿದೆ, 240 ಪಿನ್ ಇದೆ, ನಡುವಿನ ಕಚ್ಚು ಸ್ಲಾಟಿಗೆ ಸರಿಯಾಗಿ ಕೂರುತ್ತದೆ, ಆದರೂ ನಡೆಯುವುದಿಲ್ಲ. ನೀವು ತಪ್ಪು ಹಾಕಿದ್ದಲ್ಲ, ನಿಮ್ಮ ಬೋರ್ಡಿಗೆ ಆಗದ ಮಾಲು ಬಂದಿದೆ. ಮಾರಿದವರಿಗೆ ಬೋರ್ಡಿನ ಹೆಸರು ಹೇಳಿ ಬದಲಾಯಿಸಿಕೊಳ್ಳಿ. ರ‍್ಯಾಮ್ ಕೆಟ್ಟಿಲ್ಲದಿರಬಹುದು, ಹೊಸ ಕಾಲದ ಬೋರ್ಡಿನಲ್ಲಿ ಅದೇ ಪಟ್ಟಿ ಚೆನ್ನಾಗಿಯೇ ನಡೆದೀತು.

ಎರಡನೆಯದು ಹಳೆಯ ರ‍್ಯಾಮ್ ಮರಳಿ ಹಾಕಿದ ಮೇಲೆ ತೆಗೆದ ಫೋಟೊದಲ್ಲಿದೆ. ಎಡ ಅಂಚಿನ ಬಿಳಿ ಕೊಂಡಿಯನ್ನು ನೋಡಿ. ಬಲಗಡೆಯದು ನೆಟ್ಟಗೆ ನಿಂತು ಪಟ್ಟಿಯ ಕಚ್ಚಿನೊಳಗೆ ಹೊಕ್ಕಿದೆ, ಎಡಗಡೆಯದು ಹೊರಕ್ಕೆ ವಾಲಿಕೊಂಡೇ ಇದೆ. ಅಂದರೆ ರ‍್ಯಾಮ್ ಒಂದು ಕಡೆ ಕೂತಿದೆ, ಇನ್ನೊಂದು ಕಡೆ ಕೂದಲೆಳೆಯಷ್ಟು ಎದ್ದಿದೆ. ಡಿಸ್‌ಪ್ಲೇ ಹೋಗಲು ಅಷ್ಟು ಸಾಕು. ಮೊದಲ ಸಲ ಹಾಕುವವರು ಒತ್ತಲು ಹೆದರುತ್ತಾರೆ, ಎಲ್ಲಿ ಮುರಿಯುತ್ತದೋ ಎಂದು. ಎರಡು ತುದಿಗೂ ಹೆಬ್ಬೆರಳಿಟ್ಟು ನೇರವಾಗಿ ಒತ್ತಬೇಕು. ಎರಡೂ ಕೊಂಡಿಗಳು ತಾವಾಗಿಯೇ ಟಕ್ಕೆಂದು ಮುಚ್ಚಿಕೊಳ್ಳಬೇಕು. ಕೊಂಡಿಯನ್ನು ಬೆರಳಿನಿಂದ ಎಳೆದು ಮುಚ್ಚಬೇಡಿ, ಹಾಗೆ ಮಾಡಿದರೆ ಕೂತಿತೋ ಇಲ್ಲವೋ ಗೊತ್ತಾಗುವುದಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಗೋಡೆಯಿಂದ ವೈರ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಇಳಿಯಲಿ. ಕಂಪ್ಯೂಟರನ್ನು ಆಫ್ ಮಾಡಿದರಷ್ಟೇ ಸಾಲದು. ಗೋಡೆಯಿಂದ ಕರೆಂಟು ಬರುತ್ತಿರುವಷ್ಟು ಹೊತ್ತು ಬೋರ್ಡಿಗೆ 5 ವೋಲ್ಟ್ ಹರಿಯುತ್ತಿರುತ್ತದೆ, ಆಗ ರ‍್ಯಾಮ್ ಕೀಳುವುದು ಅಪಾಯ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣವನ್ನು ಒಮ್ಮೆ ಮುಟ್ಟಿ. ನಿಮ್ಮ ಊರಿನ ಒಣ ಹವೆಯಲ್ಲಿ ಟೆರಿಲೀನ್ ಸೀರೆಯಿಂದಲೂ ಮೈಯಲ್ಲಿ ಸ್ಥಾಯೀ ವಿದ್ಯುತ್ ತುಂಬಿಕೊಳ್ಳುತ್ತದೆ.

ರ‍್ಯಾಮ್ ಎರಡನ್ನೂ ತೆಗೆದುಬಿಡಿ. ಒಂದೂ ಇಲ್ಲದೆ ಕಂಪ್ಯೂಟರ್ ಆನ್ ಮಾಡಿ ಕಿವಿಗೊಡಿ. ಕುಯ್ ಕುಯ್ ಎಂದು ಬಿಡದೆ ಕೂಗಿದರೆ ಬೋರ್ಡು ಬದುಕಿದೆ, ಪ್ರೊಸೆಸರ್ ಬದುಕಿದೆ, ರ‍್ಯಾಮ್ ಎಲ್ಲಿ ಎಂದು ಕೇಳುತ್ತಿದೆ ಎಂದರ್ಥ. ಗುಜರಿಗೆ ಹಾಕಿ ಎಂದವರು ಯಾರೂ ಈ ಪರೀಕ್ಷೆ ಮಾಡಿರಲಾರರು. ನಿಮ್ಮ ಫೋಟೊದಲ್ಲಿ ಬೋರ್ಡಿಗೆ ಸ್ಪೀಕರ್ ಕಾಣಲಿಲ್ಲ. ಕಡಲೆಕಾಯಿಯಷ್ಟೇ ಇರುವ ಬಜರ್ ಅದು, ಕಂಪ್ಯೂಟರ್ ರಿಪೇರಿಯವರಲ್ಲಿ ಸಿಗುತ್ತದೆ. ತಂದು ಸ್ಪೀಕರ್ ಎಂದು ಬರೆದಿರುವ ಪಿನ್‌ಗಳಿಗೆ ಸಿಕ್ಕಿಸಿ. ಅದಿಲ್ಲದೆ ಹುಡುಕುವುದು ಮಾತು ಬಾರದ ಮಗುವಿಗೆ ಎಲ್ಲಿ ನೋವು ಎಂದು ಕೇಳಿದ ಹಾಗೆ.

ಕೂಗಿತೇ? ಮತ್ತೆ ವೈರ್ ಕಿತ್ತು, ಹಳೆಯ ಪಟ್ಟಿಗಳ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರಿನಿಂದ ಉಜ್ಜಿ. ಒಂದೇ ದಿಕ್ಕಿನಲ್ಲಿ, ಮೆಲ್ಲಗೆ. ಮಂಕಾಗಿದ್ದ ಹಲ್ಲು ಹೊಳೆಯತೊಡಗುತ್ತದೆ, ಬಿಳಿ ರಬ್ಬರಿನ ಅಂಚು ಕಪ್ಪಾಗುತ್ತದೆ. ಆ ಕಪ್ಪೇ ಎಷ್ಟೋ ಕಂಪ್ಯೂಟರುಗಳನ್ನು ನಿಲ್ಲಿಸಿದ್ದು. ರಬ್ಬರಿನ ಪುಡಿ ಸ್ಲಾಟಿಗೆ ಬೀಳಬಾರದು, ಬೋರ್ಡಿನಿಂದ ದೂರ ಕೂತು ಉಜ್ಜಿ. ಸ್ಲಾಟಿನ ಧೂಳನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲಿನ ತೇವ ಕೂರುತ್ತದೆ. ಅಂಗಡಿಯ ಪಕ್ಕದಲ್ಲೇ ಶೇಂಗಾ ಎಣ್ಣೆ ಗಿರಣಿ ಇದೆ ಎಂದು ಬರೆದಿದ್ದೀರಿ. ಎಣ್ಣೆಯ ಪಸೆಗೆ ಅಂಟಿದ ಧೂಳು ಸುಲಭಕ್ಕೆ ಬಿಡುವುದಿಲ್ಲ, ಎರಡು ಸಲ ಮಾಡಬೇಕಾದೀತು.

ಆಮೇಲೆ ಒಂದೇ ಹಳೆಯ ಪಟ್ಟಿಯನ್ನು ಒಂದು ಸ್ಲಾಟಿಗೆ ಹಾಕಿ ನೋಡಿ. ಬರದಿದ್ದರೆ ಅದನ್ನೇ ಇನ್ನೊಂದು ಸ್ಲಾಟಿಗೆ, ಆಮೇಲೆ ಇನ್ನೊಂದು ಪಟ್ಟಿ. ಪ್ರತಿ ಸಲವೂ ವೈರ್ ಕಿತ್ತೇ ಬದಲಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಇಷ್ಟಾದರೂ ಬರದಿದ್ದರೆ ಬೋರ್ಡಿನ ಮೇಲಿನ ಬಿಲ್ಲೆಯಂಥ ಸೆಲ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ. ಸಿಆರ್2032 ಎಂಬ 3 ವೋಲ್ಟಿನ ಸೆಲ್ ಅದು. 2011ರದೇ ಆಗಿದ್ದರೆ ಹೊಸದನ್ನೇ ಹಾಕುವುದು ಒಳ್ಳೆಯದು.

ರ‍್ಯಾಮ್ ಇಲ್ಲದೆ ಕೂಗಲೇ ಇಲ್ಲ ಎಂದಾದರೆ? ಆಗಲೂ ಬೋರ್ಡ್ ಸತ್ತಿದೆ ಎನ್ನಬೇಡಿ. ಪ್ರೊಸೆಸರಿನ ಪಕ್ಕದಲ್ಲಿ ನಾಲ್ಕು ತೂತಿನ ಚೌಕ ಕನೆಕ್ಟರ್ ಒಂದಿದೆ, ಹಳದಿ ಮತ್ತು ಕಪ್ಪು ವೈರುಗಳದು. ರ‍್ಯಾಮ್ ಒತ್ತುವಾಗ ಕೈ ತಗುಲಿ ಅದು ಸಡಿಲವಾಗುವುದುಂಟು. ಫ್ಯಾನ್ ತಿರುಗುತ್ತಲೇ ಇರುತ್ತದೆ, ಪ್ರೊಸೆಸರಿಗೆ ಕರೆಂಟೇ ಇರುವುದಿಲ್ಲ. ನಾನು ದಾವಣಗೆರೆಯಲ್ಲಿ ಅಂಗಡಿ ತೆರೆದ ಮೊದಲ ವರ್ಷ ಜಗಳೂರಿನ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಇಂಥದ್ದೇ ಕಂಪ್ಯೂಟರನ್ನು ಬಸ್ಸಿನಲ್ಲಿ, ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ನಾನು ಬೋರ್ಡ್ ಹೋಗಿದೆ ಎಂದೆ. ಅವರು ನಂಬಿದರು, ಪಿಂಚಣಿ ಹಣದಲ್ಲಿ ಹೊಸದನ್ನು ಹಾಕಿಸಿಕೊಂಡು ಹೋದರು. ಮೂಲೆಯಲ್ಲಿಟ್ಟಿದ್ದ ಹಳೆಯ ಬೋರ್ಡನ್ನು ತಿಂಗಳ ನಂತರ ಹಾಗೇ ಜೋಡಿಸಿ ನೋಡಿದರೆ ನೆಟ್ಟಗೆ ನಡೆಯಿತು. ನಾಲ್ಕು ಪಿನ್ನಿನ ಆ ವೈರ್ ಸರಿಯಾಗಿ ಕೂತಿರಲಿಲ್ಲ, ಅಷ್ಟೇ. ಊರಿಗೆ ಹೋಗಿ ಹಣ ಮರಳಿಸಿದೆ. ಅವರು ಒಂದು ಮಾತೂ ಆಡಲಿಲ್ಲ, ಚಹಾ ಕೊಟ್ಟರು. ಆ ದಿನದಿಂದ ರ‍್ಯಾಮ್ ಕಿತ್ತು ಕೂಗಿಸಿ ನೋಡದೆ ಯಾವ ಬೋರ್ಡಿನ ಮೇಲೂ ನಾನು ತೀರ್ಪು ಕೊಟ್ಟಿಲ್ಲ.

ಕೊನೆಗೆ, ಯಾವ ರ‍್ಯಾಮ್ ಕೊಳ್ಳಬೇಕು? ನೀವು ಬಳಸುವುದು 32 ಬಿಟ್ ವಿಂಡೋಸ್ 7. ಅದು 4 ಜಿಬಿಗಿಂತ ಹೆಚ್ಚನ್ನು ಬಳಸುವುದೇ ಇಲ್ಲ. 8 ಜಿಬಿಗೆ ಹಣ ಸುರಿಯಬೇಡಿ. 2 ಜಿಬಿಯ ಎರಡು ಡಿಡಿಆರ್3 ಪಟ್ಟಿ ಕೊಳ್ಳಿ, ಒಂದೊಂದರಲ್ಲೂ ಎಂಟು ಅಥವಾ ಹದಿನಾರು ಚಿಪ್ ಇರಲಿ, ನಾಲ್ಕೇ ಇದ್ದರೆ ಬೇಡ. ಉಳಿದ ಹಣಕ್ಕೆ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿನ ಬದಲು ಬಳಸುವ ವೇಗದ ಡಿಸ್ಕ್, ಹಾಕಿಸಿ, ಕೆಲಸ ಚುರುಕಾಗುವುದು ಅದರಿಂದಲೇ ಹೆಚ್ಚು. ಮತ್ತೆ ಹಳೆಯ ಒಂದೊಂದು ಜಿಬಿಯ ಪಟ್ಟಿಗಳನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ. ಅವಕ್ಕೆ ಸಿಗುವುದು ಪುಡಿಗಾಸು. ಮುಂದೆ ಏನಾದರೂ ಕೈಕೊಟ್ಟಾಗ, ಈ ಬೋರ್ಡಿನಲ್ಲಿ ಖಂಡಿತ ನಡೆಯುತ್ತದೆ ಎಂದು ನಿಮಗೆ ಗೊತ್ತಿರುವುದು ಅವೆರಡೇ. ಕಾಗದದಲ್ಲಿ ಸುತ್ತಿ ಮೇಜಿನ ಡ್ರಾಯರಿನಲ್ಲಿಡಿ.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿದ್ದ 4 ಜಿಬಿಯ ಜೊತೆಗೆ 8 ಜಿಬಿ ಸೇರಿಸಿದೆ. ಆನ್ ಆಗುತ್ತದೆ, ಆದರೆ ದಿನಕ್ಕೆರಡು ಸಲ ನೀಲಿ ಪರದೆ ಬಂದು ನಿಲ್ಲುತ್ತದೆ.
— ಓದುಗರೊಬ್ಬರು, ಹರಿಹರ

ಉತ್ತರ: ಆನ್ ಆಯಿತೆಂದರೆ ಜಾತಿ ಸರಿ ಇದೆ, ಗುಣ ನೋಡಬೇಕು. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಚಾರ್ಜರ್ ಸಿಕ್ಕಿಸಿ ರಾತ್ರಿಯಿಡೀ ಓಡಿಸಿ. ಬೆಳಿಗ್ಗೆ ಒಂದೇ ಒಂದು ಕೆಂಪು ಗೆರೆ ಕಂಡರೂ ಹೊಸದನ್ನು ಕಳಚಿ ಮತ್ತೆ ಓಡಿಸಿ. ಆಗ ದೋಷ ಕಾಣದಿದ್ದರೆ ಗ್ಯಾರಂಟಿ ಚೀಟಿ ಹಿಡಿದು ಅಂಗಡಿಗೆ ಹೋಗಿ.

ಪ್ರಶ್ನೆ: ಡಿಡಿಆರ್5 ರ‍್ಯಾಮಿನ ಹೊಸ ಕಂಪ್ಯೂಟರ್ ಜೋಡಿಸಿದೆವು. ಪರದೆ ಕಪ್ಪು. ಮೂರು ಸಲ ಆಫ್ ಮಾಡಿ ಆನ್ ಮಾಡಿದೆವು.
— ವಿದ್ಯಾರ್ಥಿಗಳು, ಚಿತ್ರದುರ್ಗ

ಉತ್ತರ: ಆಫ್ ಮಾಡಬೇಡಿ. ಮೊದಲ ಸಲ ಬೋರ್ಡು ಹೊಸ ರ‍್ಯಾಮಿನ ವೇಗವನ್ನೂ ಸಮಯವನ್ನೂ ತಾನೇ ಅಳೆದು ಹೊಂದಿಸಿಕೊಳ್ಳುತ್ತದೆ. ಅದಕ್ಕೆ ಹಲವು ನಿಮಿಷ ಬೇಕು, ಅಷ್ಟು ಹೊತ್ತೂ ಪರದೆ ಕಪ್ಪಾಗಿಯೇ ಇರುತ್ತದೆ. ನೀವು ಪ್ರತಿ ಸಲ ಆರಿಸಿದಾಗಲೂ ಅದು ಮೊದಲಿನಿಂದ ಶುರು ಮಾಡಿದೆ. ಆನ್ ಮಾಡಿ, ಕಾಲು ಗಂಟೆ ಬಟನ್ನಿನ ಹತ್ತಿರ ಯಾರೂ ಸುಳಿಯಬೇಡಿ. ಆಮೇಲೂ ಬರದಿದ್ದರೆ ಒಂದೇ ಪಟ್ಟಿ ಇಟ್ಟು ನೋಡಿ ನನಗೆ ಬರೆಯಿರಿ.