ಸುವಾದಿಂದ ಅಪಿಯಾಕ್ಕೆ ಎಳೆದ ಗೆರೆ ಇಡೀ ಮ್ಯಾಪ್ ಮೇಲೆ ಯಾಕೆ ಓಡುತ್ತದೆ?

ಫಿಜಿಯ ಸುವಾದಿಂದ ಸಮೋವಾದ ಅಪಿಯಾಕ್ಕೆ ಹಡಗಿನ ದಾರಿ ಎಳೆದರೆ, ಗೆರೆ ಆಫ್ರಿಕಾ ದಾಟಿಕೊಂಡು ಹೋಗುತ್ತದೆ ಅಂತ ಕೇಳಿದ್ದೀರಿ. ನಿಮ್ಮ ಪಾಯಿಂಟ್‌ಗಳು ಸರಿಯಾಗಿವೆ. ತಪ್ಪಿರುವುದು ರೇಖಾಂಶ ಕಳೆಯುವ ಲೆಕ್ಕದಲ್ಲಿ.

ನಾನು ಶಿವಮೊಗ್ಗದವನು. ತೀರ್ಥಹಳ್ಳಿ, ಸಾಗರದ ಅಡಿಕೆ ತೋಟಗಳ ಮ್ಯಾಪ್ ಮಾಡುತ್ತಾ ಈ ಕೆಲಸ ಕಲಿತೆ. ಇಲ್ಲಿನ ರೇಖಾಂಶವೆಲ್ಲ 74ರಿಂದ 76ರ ಒಳಗೇ. ದೊಡ್ಡದರಲ್ಲಿ ಚಿಕ್ಕದು ಕಳೆದರೆ ಮುಗಿಯಿತು, ಒಂದು ಸಲವೂ ಕೈಕೊಟ್ಟಿರಲಿಲ್ಲ. ಫಿಜಿಯ ಡೇಟಾ ಮೊದಲ ಸಲ ಕೈಗೆ ಬಂದಾಗ ಎರಡು ದಿನ ಸುಮ್ನೆ ಪ್ರೊಜೆಕ್ಷನ್‌ನಲ್ಲಿ (ದುಂಡು ಭೂಮಿಯನ್ನು ಚಪ್ಪಟೆ ಮ್ಯಾಪ್‌ಗೆ ತರುವ ಲೆಕ್ಕ) ತಪ್ಪು ಹುಡುಕಿದೆ.

ಕೆರೆ ಸುತ್ತ 360 ಮರ ಇವೆ, ಸಾಲಾಗಿ ನಂಬರ್ ಹಾಕಿದ್ದಾರೆ ಅಂದುಕೊಳ್ಳಿ. 360ನೇ ಮರದ ಪಕ್ಕದಲ್ಲೇ 1ನೇ ಮರ ಇರುತ್ತದೆ, ಅಲ್ವಾ? ನಂಬರ್ ಕಳೆದರೆ ಮಾತ್ರ 359 ಬರುತ್ತದೆ. ರೇಖಾಂಶವೂ ಹಾಗೇ: ಪೂರ್ವಕ್ಕೆ ಪ್ಲಸ್, ಪಶ್ಚಿಮಕ್ಕೆ ಮೈನಸ್, ಆದರೆ 180 ಮತ್ತು -180 ಒಂದೇ ಗೆರೆ. ಸುವಾ 178.44, ಅಪಿಯಾ -171.77. ನಿಮ್ಮ ಕೋಡ್‌ಗೆ ಕಾಣುವುದು 350.21 ಡಿಗ್ರಿ. ನಿಜವಾದ ಅಂತರ 9.79.

ಹಾಗಾಗಿ ವ್ಯತ್ಯಾಸ 180ಕ್ಕಿಂತ ಜಾಸ್ತಿ ಬಂದರೆ ಮೈನಸ್ ಇರುವ ರೇಖಾಂಶಕ್ಕೆ 360 ಕೂಡಿಸಿ. ಅಪಿಯಾ 188.23 ಆಗುತ್ತದೆ. ವೆಬ್‌ನಲ್ಲಿ ಮ್ಯಾಪ್ ತೋರಿಸುವ ಲೀಫ್‌ಲೆಟ್ ಲೈಬ್ರರಿಗೆ ಇಷ್ಟೇ ಸಾಕು.

ಜಿಯೋಜೇಸನ್ (ಮ್ಯಾಪ್ ಡೇಟಾ ಹಂಚಿಕೊಳ್ಳುವ ಫಾರ್ಮ್ಯಾಟ್) ಫೈಲಾಗಿ ಬೇರೆಯವರಿಗೆ ಕೊಡುವುದಾದರೆ ಹಾಗೆ ಬಿಡಬೇಡಿ. ಅದರ ನಿಯಮ ಬರೆದಿರುವ 2016ರ ಆರ್‌ಎಫ್‌ಸಿ 7946 ಹೇಳುವಂತೆ ಗೆರೆಯನ್ನು 180ರಲ್ಲಿ ಕತ್ತರಿಸಿ ಮಲ್ಟಿಲೈನ್‌ಸ್ಟ್ರಿಂಗ್ (ಹಲವು ತುಂಡುಗಳ ಒಂದೇ ಗೆರೆ) ಮಾಡಿ. ಸುವಾದಿಂದ 180ಕ್ಕೆ 1.56 ಡಿಗ್ರಿ, ಅಂದರೆ ದಾರಿಯ ಸುಮಾರು 16 ಪರ್ಸೆಂಟ್. ಅಕ್ಷಾಂಶವೂ ಅಷ್ಟೇ ಪಾಲು ಸರಿಯಬೇಕು: -18.14ರಿಂದ -13.83ರ ಕಡೆಗೆ ಹೋಗುವಾಗ ಅಲ್ಲಿ -17.45 ಬರುತ್ತದೆ. ಮೊದಲ ತುಂಡು 180ರಲ್ಲಿ ಮುಗಿಯಲಿ, ಎರಡನೆಯದು ಅದೇ ಅಕ್ಷಾಂಶದಲ್ಲಿ -180ರಿಂದ ಶುರುವಾಗಲಿ.

ಬೌಂಡಿಂಗ್ ಬಾಕ್ಸ್‌ನಲ್ಲಿ, ಅಂದರೆ ಡೇಟಾವನ್ನು ಸುತ್ತುವರಿಯುವ ಚೌಕಾಕಾರದ ಪೆಟ್ಟಿಗೆಯಲ್ಲಿ, ಇನ್ನೂ ಹುಷಾರಾಗಿರಿ. ಪಶ್ಚಿಮ 178.44, ಪೂರ್ವ -171.77 ಅಂತಲೇ ಇಡಿ. ಪಶ್ಚಿಮ ದೊಡ್ಡದಿದೆ ಅಂತ ಅದಲುಬದಲು ಮಾಡಿದರೆ ಪೆಟ್ಟಿಗೆ ಭೂಮಿಯ ಮಿಕ್ಕ ಭಾಗವನ್ನೆಲ್ಲ ಸುತ್ತಿಕೊಳ್ಳುತ್ತದೆ. ಇಂಥ ಪೆಟ್ಟಿಗೆಯೊಳಗೆ ಹುಡುಕುವಾಗ 'ಪಶ್ಚಿಮಕ್ಕಿಂತ ಜಾಸ್ತಿ ಅಥವಾ ಪೂರ್ವಕ್ಕಿಂತ ಕಡಿಮೆ' ಅಂತ ಕೇಳಬೇಕು; 'ಮತ್ತು' ಹಾಕಿದರೆ ಒಂದೂ ಸಿಗುವುದಿಲ್ಲ.

ಮ್ಯಾಪ್ ಡೇಟಾ ಇಡುವ ಡೇಟಾಬೇಸ್ ಪೋಸ್ಟ್‌ಜಿಐಎಸ್‌ನ ಎಸ್‌ಟಿ_ಶಿಫ್ಟ್‌ಲಾಂಗಿಟ್ಯೂಡ್ ಫಂಕ್ಷನ್ ಮೈನಸ್ ರೇಖಾಂಶಗಳನ್ನು 180ರ ಆಚೆಗೆ ತಳ್ಳುತ್ತದೆ. ಪೆಸಿಫಿಕ್ ಡೇಟಾ ಮಾತ್ರ ಇದ್ದರೆ ನಾನು ಅದನ್ನೇ ಬಳಸುತ್ತೇನೆ. ಇಡೀ ಪ್ರಪಂಚದ ಡೇಟಾಕ್ಕೆ ಬೇಡ, ಅದೇ ಬಿರುಕು 0 ಡಿಗ್ರಿಯ ಗ್ರೀನಿಚ್ ಗೆರೆಗೆ ಹೋಗಿ ಕೂರುತ್ತದೆ.

ಟೆಸ್ಟ್‌ಗೆ ಫಿಜಿಯ ಟವೆಯುನಿ ದ್ವೀಪವನ್ನು ತಪ್ಪದೆ ಸೇರಿಸಿ. 180ರ ಗೆರೆ ಆ ದ್ವೀಪದ ಮೇಲೆಯೇ ಹಾದುಹೋಗುತ್ತದೆ. ನಮ್ಮ ಕಡೆಯ ಡೇಟಾ ಎಷ್ಟು ಹಾಕಿದರೂ ಈ ತಪ್ಪು ಹೊರಗೆ ಬರುವುದಿಲ್ಲ.